ದೀಪಾವಳಿ: ಅಂಗಡಿಯಲ್ಲಿ ಲಕ್ಷ್ಮಿ, ಬಾಗಿಲಲ್ಲಿ ಪಾಂಡವರು, ತಾಂಡಾದಲ್ಲಿ ಮೇರಾ

ಹಗರಿಬೊಮ್ಮನಹಳ್ಳಿ: ದೀಪಾವಳಿ ಬಂತೆಂದರೆ ಪೇಟೆಯ ಅಂಗಡಿಯವರಿಗೆ ಅಮಾವಾಸ್ಯೆ ಮುಖ್ಯ, ಹಳ್ಳಿಯ ರೈತರಿಗೆ ಪಾಡ್ಯ ಮುಖ್ಯ, ತಾಂಡಾದವರಿಗೆ ಎರಡೂ ಬೇಕು. ಒಂದೇ ಹಬ್ಬವನ್ನು ನಮ್ಮ ತಾಲೂಕಿನಲ್ಲಿ ಮೂರು ಥರ ಮಾಡ್ತಾರೆ. ಯಾವ ದಿನ ಏನು, ಯಾಕೆ ಎಂಬ ವಿವರ ಇಲ್ಲಿದೆ.

ನೀರು ತುಂಬುವ ಹಬ್ಬ

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಹಬ್ಬ ಶುರು. ಬಚ್ಚಲು ತೊಳೆದು, ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು, ಹೊಸ ನೀರು ತುಂಬಿ ಪೂಜೆ ಮಾಡ್ತಾರೆ. ಮರುದಿನ ನರಕ ಚತುರ್ದಶಿ. ನಸುಕಿನಲ್ಲೇ ಎದ್ದು ಎಣ್ಣೆ ಹಚ್ಚಿಕೊಂಡು ಸ್ನಾನ. ಶ್ರೀಕೃಷ್ಣ ನರಕಾಸುರನನ್ನು ಕೊಂದು, ಅವನ ಸೆರೆಯಲ್ಲಿದ್ದ ಹೆಣ್ಣುಮಕ್ಕಳನ್ನು ಬಿಡಿಸಿದ ದಿನ ಇದು ಎಂಬುದು ಪುರಾಣದ ಕಥೆ. ಸ್ನಾನ ಆದ ಮೇಲೆ ಮನೆಯ ಹೆಣ್ಣುಮಕ್ಕಳು ಗಂಡಸರಿಗೆ ಆರತಿ ಬೆಳಗ್ತಾರೆ, ಅವರು ತಟ್ಟೆಗೆ ದುಡ್ಡು ಹಾಕ್ತಾರೆ.

ಅಂಗಡಿ ಪೂಜೆ

ಅಮಾವಾಸ್ಯೆ ಸಂಜೆ ಲಕ್ಷ್ಮೀಪೂಜೆ. ಬಾಗಿಲಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಒಳಗೆ ತಕ್ಕಡಿ, ಗಲ್ಲಾಪೆಟ್ಟಿಗೆ, ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ. ಈಗ ಕಂಪ್ಯೂಟರಿಗೂ ಫೋನ್‌ಪೇ ಬೋರ್ಡಿಗೂ ಕುಂಕುಮ ಬಿದ್ದಿರುತ್ತೆ. ಪೂಜೆಗೆ ಬಂದ ಗಿರಾಕಿಗಳಿಗೆ ಮಂಡಕ್ಕಿ, ಪೇಢಾ ಕೊಟ್ಟು ಕಳಿಸುವುದು ವಾಡಿಕೆ.

ಸರ್ಕಾರಿ ಲೆಕ್ಕ ಏಪ್ರಿಲ್ 1ಕ್ಕೆ ಬದಲಾದರೂ, ಹಳೆ ವ್ಯಾಪಾರಸ್ಥರಿಗೆ ಹೊಸ ಖಾತೆ ದೀಪಾವಳಿಗೇ. ಅದಕ್ಕೇ ಹಬ್ಬದ ಮುಂಚೆ ಹಳೆ ಉದ್ರಿ ಕೇಳ್ತಾರೆ. ಪೂರ್ತಿ ಆಗದಿದ್ದರೆ ಅರ್ಧವಾದರೂ ಕಟ್ಟಿ, ಉಳಿದದ್ದನ್ನು ಹೊಸ ಪುಸ್ತಕಕ್ಕೆ ಬರೆಸ್ತಾರೆ. ಸಾಲಗಾರನಿಗೂ ಅಂಗಡಿಯವರಿಗೂ ಮುಖ ಕೊಟ್ಟು ಮಾತಾಡೋಕೆ ಅದೊಂದು ನೆಪ.

ಪೂಜೆ ಯಾವತ್ತು ಅನ್ನೋ ಗೊಂದಲ ಆಗಾಗ ಆಗುತ್ತೆ. 2025ರಲ್ಲಿ ಅಮಾವಾಸ್ಯೆ ಅ.20ರ ಮಧ್ಯಾಹ್ನ ಶುರುವಾಗಿ 21ರ ಸಂಜೆ ಮುಗಿಯಿತು. ಹೀಗಾಗಿ ಕೆಲವರು 20ಕ್ಕೆ, ಕೆಲವರು 21ಕ್ಕೆ ಪೂಜೆ ಮಾಡಿದರು. ಸೂರ್ಯ ಮುಳುಗುವ ಹೊತ್ತಿಗೆ ಅಮಾವಾಸ್ಯೆ ಇರಬೇಕು ಎಂಬುದು ಸಾಮಾನ್ಯ ಲೆಕ್ಕ.

ಸಗಣಿಯ ಪಾಂಡವರು

ಮರುದಿನ ಕಾರ್ತಿಕ ಶುದ್ಧ ಪಾಡ್ಯ, ಅಂದರೆ ಬಲಿಪಾಡ್ಯಮಿ. ವಾಮನನಿಗೆ ಮೂರು ಹೆಜ್ಜೆ ದಾನ ಕೊಟ್ಟು ಪಾತಾಳ ಸೇರಿದ ಬಲಿ ಚಕ್ರವರ್ತಿ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ ಎಂಬ ನಂಬಿಕೆ.

ನಮ್ಮ ಕಡೆ ಹಳ್ಳಿಗಳಲ್ಲಿ ಅವತ್ತು ಬೆಳಗ್ಗೆ ಹಟ್ಟಿ ಲಕ್ಕವ್ವನ ಪೂಜೆ. ಆಕಳ ಸಗಣಿಯಿಂದ ಸಣ್ಣ ಸಣ್ಣ ಗೋಪುರದಂಥ ಪಾಂಡವರನ್ನು ಮಾಡಿ, ಬಾಗಿಲ ಎರಡೂ ಕಡೆ ಇಟ್ಟು, ಮೇಲೆ ಚೆಂಡುಹೂ, ಉತ್ತರಾಣಿ ಕಡ್ಡಿ ಸಿಗಿಸ್ತಾರೆ. ದನ ಕಟ್ಟುವ ಜಾಗಕ್ಕೂ ತಿಪ್ಪೆಗೂ ಪೂಜೆ ಉಂಟು. ವಿರಾಟನ ದನಗಳನ್ನು ಪಾಂಡವರು ಕೌರವರಿಂದ ಬಿಡಿಸಿ ತಂದ ನೆನಪಿಗೆ ಇದು ಎಂದು ಹಿರಿಯರು ಹೇಳುವುದುಂಟು. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮನೆಯವರು ಪಕ್ಕದ ಮನೆಯಿಂದ ಸಗಣಿ ಕೇಳಿ ತಂದಾದರೂ ಪಾಂಡವರನ್ನು ಇಡ್ತಾರೆ.

ತಾಂಡಾದ ಮೇರಾ

ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಗೆ ಕಾಳಿಮಾಸ್ ಅಂತಾರೆ. ಅವತ್ತು ರಾತ್ರಿ ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು, ಮೊದಲು ನಾಯಕನ ಮನೆಗೆ, ಆಮೇಲೆ ಮನೆಮನೆಗೆ ಹೋಗಿ ಹಾಡಿ ಶುಭ ಕೋರ್ತಾರೆ. ಇದೇ ಮೇರಾ. ಮನೆಯವರು ದೀಪಕ್ಕೆ ಎಣ್ಣೆ ಹಾಕಿ, ಕೈಗೆ ದುಡ್ಡು ಕೊಡ್ತಾರೆ. ಮರುದಿನ ಬೆಳಗ್ಗೆ ಗುಂಪಾಗಿ ಹೊಲ, ಅಡವಿಗೆ ಹೋಗಿ ಬುಟ್ಟಿ ತುಂಬ ಹೂ ತಂದು, ಮನೆ ಮುಂದಿನ ಸಗಣಿ ಗುಡ್ಡೆಗೆ ಏರಿಸ್ತಾರೆ. ಅದು ಗೋಧನ. ಹಿರಿಯರಿಗೆ ಎಡೆ ಹಾಕುವುದೂ ಈ ಹಬ್ಬದಲ್ಲೇ. ಮುಂದಿನ ವರ್ಷದೊಳಗೆ ಮದುವೆ ಆಗುವ ಹುಡುಗಿಗೆ ಅದು ಕೊನೆಯ ಮೇರಾ. ಗೆಳತಿಯರು ತಬ್ಬಿಕೊಂಡು ಅಳುವುದನ್ನು ತಾಂಡಾದವರೆಲ್ಲ ನೋಡಿರ್ತಾರೆ.

ಗಮನಿಸಿ: ಊರಲ್ಲಾಗಲಿ, ತಾಂಡಾದಲ್ಲಾಗಲಿ, ಪಾಡ್ಯದ ಬೆಳಗ್ಗೆ ಪೂಜೆ ಸಗಣಿಗೇ. ದನ, ಗೊಬ್ಬರ, ಹೊಲದಿಂದಲೇ ಬದುಕು ಅನ್ನೋ ಮಾತು ಎರಡೂ ಕಡೆ ಒಂದೇ.

ಪಟಾಕಿ

ಹಸಿರು ಪಟಾಕಿ ಮಾತ್ರ, ಅದೂ ರಾತ್ರಿ 8ರಿಂದ 10ರವರೆಗೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತಾತ್ಕಾಲಿಕ ಮಳಿಗೆ ಹಾಕುವವರಿಗೆ ಲೈಸೆನ್ಸ್ ಬೇಕು, ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರ ಇರಬೇಕು. ನಮ್ಮ ತಾಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ಹಕ್ಕಿಗಳು ಬಂದು ಸೇರುವ ಕಾಲವೂ ಇದೇ. ಕೆರೆ ಹತ್ತಿರ ಸದ್ದು ಮಾಡದಿದ್ದರೆ ಒಳ್ಳೇದು.

ಹಬ್ಬ ಮುಗಿದ ಮೇಲೆ

ಹಬ್ಬ ಮುಗಿಸಿ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೊರಡುವ ಕುಟುಂಬಗಳು ನಮ್ಮ ತಾಂಡಾಗಳಲ್ಲಿವೆ. ಕಿರಾಣಿ ಅಂಗಡಿಯ ಉದ್ರಿ ಚುಕ್ತಾ ಮಾಡಿ, ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರ್ಕೊಂಡು ಹೋಗ್ತಾರೆ. ಮೇರಾ ಹಾಡಿದ ಹುಡುಗಿಯ ಹೆಸರು ಶಾಲೆಯ ಹಾಜರಿಯಲ್ಲಿ ಇದ್ದೇ ಇರುತ್ತೆ, ಹುಡುಗಿ ಇರಲ್ಲ. ಅಜ್ಜಿ ಹತ್ತಿರವೋ, ಹಾಸ್ಟೆಲಿನಲ್ಲೋ ಬಿಟ್ಟು ಹೋದರೆ ಅವಳ ಓದು ಉಳಿಯುತ್ತೆ. ಈ ಮಾತನ್ನು ಹಬ್ಬದ ಊಟಕ್ಕೆ ಕೂತಾಗಲೇ ಮನೆಯಲ್ಲಿ ಎತ್ತಬೇಕು. ವಾರ ಕಳೆದರೆ ಲಾರಿ ಬಂದು ನಿಂತಿರುತ್ತೆ.