ಒಂದು ಶಿಲಾಖಂಡದ ಮೂರು ಹೆಸರುಗಳು

ಖನಿಜ ಸಂಗ್ರಾಹಕರು ಬಹುವಾಗಿ ಮೆಚ್ಚುವ ಒಂದು ಬಗೆಯ ಶಿಲಾಖಂಡವಿದೆ. ಕೆನೆಬಣ್ಣದ ಫೆಲ್ಡ್‌ಸ್ಪಾರ್, ಅದರೊಡನೆ ಹೊಗೆಬಣ್ಣದ ಬೆಣಚುಕಲ್ಲಿನ ಹರಳು, ಇವೆರಡರ ನಡುವೆ ಎದ್ದುನಿಂತ ಉದ್ದುದ್ದ ಗೀರುಗಳ ಕಪ್ಪು ಟೂರ್ಮಲಿನ್. ನಮೀಬಿಯಾದ ಎರೊಂಗೊ ಪರ್ವತವು ಇಂಥ ಮಾದರಿಗಳಿಗೆ ಪ್ರಸಿದ್ಧವಾಗಿದೆ. ಕರಗಿದ ಗ್ರಾನೈಟ್ ದ್ರವ್ಯವು ಆರುವ ಕೊನೆಯ ಹಂತದಲ್ಲಿ ನೀರೂ ಬೋರಾನೂ ಉಳಿದ ರಸದಲ್ಲಿ ಸಾಂದ್ರಗೊಳ್ಳುತ್ತವೆ. ಆಗ ಪೊಟರೆಗಳಲ್ಲಿ ಈ ಹರಳುಗಳು ಅಡೆತಡೆಯಿಲ್ಲದೆ ಬೆಳೆಯುತ್ತವೆ. ಇದು ಪ್ರಕೃತಿಯ ಕಥೆ. ಈ ಮೂರರ ಹೆಸರುಗಳಿಗೆ ಬೇರೊಂದು ಚರಿತ್ರೆಯುಂಟು.

‘ಕ್ವಾರ್ಟ್ಸ್’ ಎಂಬುದು ಜರ್ಮನ್ ಗಣಿಗಾರರ ಬಾಯಲ್ಲಿದ್ದ ಮಾತು. 16ನೆಯ ಶತಮಾನದಲ್ಲಿ ಅಗ್ರಿಕೋಲನು ಅದನ್ನು ತನ್ನ ಲ್ಯಾಟಿನ್ ಗ್ರಂಥಗಳಿಗೆ ತಂದನು. ‘ಫೆಲ್ಡ್‌ಸ್ಪಾರ್’ ಎಂಬುದರ ಮೂಲವೂ ಜರ್ಮನ್ನೇ: ‘ಫೆಲ್ಡ್’ ಎಂದರೆ ಹೊಲ, ‘ಸ್ಪಾತ್’ ಎಂದರೆ ನುಣುಪು ಮುಖಗಳಾಗಿ ಸೀಳುವ ಕಲ್ಲು.

ಕಪ್ಪು ಟೂರ್ಮಲಿನ್ನಿಗೆ ‘ಷೋರ್ಲ್’ ಎಂಬ ಹೆಸರು ಸ್ಯಾಕ್ಸನಿಯ ತ್ಸ್ಯೋರ್ಲಾವ್ ಗ್ರಾಮದಿಂದ ಬಂದಿತೆಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿಯ ತವರದ ಗಣಿಗಳಲ್ಲಿ ಇದು ತವರದ ಅದಿರಿನೊಡನೆ ದೊರೆಯುತ್ತಿತ್ತು. ಎರಡೂ ಕಪ್ಪು, ಆದರೆ ಅದಿರಿನ ತೂಕ ಇದಕ್ಕಿಂತ ಇಮ್ಮಡಿಗೂ ಮಿಗಿಲು. ತವರವಿಲ್ಲದ ಈ ಕಲ್ಲು ಗಣಿಗಾರನಿಗೆ ಬರಿಯ ಕಸವಾಗಿತ್ತು. ಯೋಆಖಿಮ್‌ಸ್ತಾಲಿನ ಪಾದ್ರಿ ಮಥೇಸಿಯಸ್ಸನು ಗಣಿಗಾರರಿಗಾಗಿ ಮಾಡಿದ ಉಪದೇಶಗಳು 1562ರಲ್ಲಿ ಅಚ್ಚಾದಾಗ ಈ ಹೆಸರು ಅವುಗಳಲ್ಲಿ ಸೇರಿತು. ‘ಡಾಲರ್’ ಎಂಬ ನಾಣ್ಯನಾಮವೂ ಅದೇ ಊರಿನ ಬೆಳ್ಳಿಯ ನಾಣ್ಯದಿಂದ ಹುಟ್ಟಿತೆಂಬುದು ಗಮನಾರ್ಹ.

‘ಟೂರ್ಮಲಿನ್’ ಎಂಬುದು ಪೂರ್ವದಿಂದ ಹೋದ ಹೆಸರು. ಸಿಂಹಳದ ರತ್ನವ್ಯಾಪಾರಿಗಳು ಹಲವು ಬಗೆಯ ಬಣ್ಣದ ಹರಳುಗಳನ್ನು ‘ತೋರಮಲ್ಲಿ’ ಎನ್ನುತ್ತಿದ್ದರು. 18ನೆಯ ಶತಮಾನದ ಆದಿಯಲ್ಲಿ ಡಚ್ಚರು ಅವನ್ನು ಯೂರೋಪಿಗೆ ಒಯ್ದರು. ಕಾಯಿಸಿದಾಗ ಅವು ಬೂದಿಯನ್ನು ಸೆಳೆಯುವುದನ್ನು ಕಂಡು ‘ಬೂದಿಸೆಳಕ’ವೆಂದೂ ಕರೆದರು. ಕಾಯಿಸಿದ ಹರಳಿನ ಎರಡು ತುದಿಗಳಲ್ಲಿ ಪರಸ್ಪರ ವಿರುದ್ಧವಾದ ವಿದ್ಯುತ್ತಿರುವುದನ್ನು 1756ರಲ್ಲಿ ಏಪಿನಸ್ಸನು ತೋರಿಸಿದನು. ಒತ್ತಡದಿಂದಲೂ ಇಂಥ ಹರಳುಗಳಲ್ಲಿ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡರು. ಸಿಂಹಳದ ಹರಳೂ ಸ್ಯಾಕ್ಸನಿಯ ಕಸವೂ ಒಂದೇ ಕುಲದವೆಂದು ಗೊತ್ತಾದ ಮೇಲೆ, ಕುಲಕ್ಕೆ ಸಿಂಹಳದ ಹೆಸರು ನಿಂತಿತು. ಕಪ್ಪು ಬಗೆಗೆ ಗಣಿಗಾರನ ಹೆಸರು ಉಳಿಯಿತು.

ಹೀಗೆ, ಗಣಿಯಲ್ಲಿಯೂ ರತ್ನದ ಪೇಟೆಯಲ್ಲಿಯೂ ಹುಟ್ಟಿದ ಮಾತುಗಳನ್ನು ವಿದ್ವಾಂಸರು ಸಂಕೋಚವಿಲ್ಲದೆ ಸ್ವೀಕರಿಸಿದರು. ಶಾಸ್ತ್ರಕ್ಕೆ ಅದರಿಂದ ಕುಂದಾಗಲಿಲ್ಲ. ನಮ್ಮ ‘ಬೆಣಚುಕಲ್ಲು’ ಕೂಡ ಕಲ್ಲನ್ನು ಕೈಯಲ್ಲಿ ಹಿಡಿದವರ ಮಾತೇ. ಕನ್ನಡದಲ್ಲಿ ಪರಿಭಾಷೆಯನ್ನು ರಚಿಸುವವರು ನಿಘಂಟುವಿನ ಜೊತೆಗೆ ಕಲ್ಲುಕುಟಿಗನನ್ನೂ ಕೇಳಬೇಕಾಗಿದೆ.