ಹಲಗಿ ನಮ್ಮದು, ಮಾತು ಯಾರದು?

ಕನ್ನಡದ ಮಾಧ್ಯಮ ಚರಿತ್ರೆ ಸಾಮಾನ್ಯವಾಗಿ 1843ರ ‘ಮಂಗಳೂರು ಸಮಾಚಾರ’ದಿಂದ ಶುರುವಾಗುತ್ತದೆ. ಅಂದರೆ ಅಚ್ಚಿನ ಮೊಳೆಯಿಂದ, ಓದು ಬಲ್ಲವರಿಂದ. ಆದರೆ ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯ ಮೇಲಿನ ನಮ್ಮ ಚೌಡಾಪುರದಂಥ ಊರುಗಳಲ್ಲಿ ಪತ್ರಿಕೆ ಓದುವವರು ಹುಟ್ಟುವ ಮೊದಲೇ ಸುದ್ದಿ ಇತ್ತು. ಅದರ ಹೆಸರು ಡಂಗುರ. ಹಲಗಿ ಬಾರಿಸುತ್ತಾ ಓಣಿ ಓಣಿ ತಿರುಗಿ ಕೂಗಿದವರು ನಮ್ಮ ಕೇರಿಯವರು. ಏನು ಕೂಗಬೇಕೆಂದು ಹೇಳಿಕೊಟ್ಟವರು ಚಾವಡಿಯ ಪಾಟೀಲ, ಕುಲಕರ್ಣಿ. ಕಂದಾಯ ಕಟ್ಟಬೇಕು, ಜಾತ್ರಿ ಇಂಥ ದಿನ ಎಂದು ಕೂಗಬಹುದಿತ್ತು. ನಮ್ಮ ಕೇರಿಗಿ ನೀರಿಲ್ಲ ಅಂತ ಅದೇ ಹಲಗಿ ಬಾರಿಸಿ ಕೂಗೂ ಹಂಗಿರಲಿಲ್ಲ. ದನಿ ಮಾತ್ರ ನಮ್ಮದು, ಮಾತು ಚಾವಡಿಯದು.

ಡಂಗುರದ ಈ ಕಟ್ಟಳೆ ಸ್ವತಂತ್ರ ಭಾರತದಲ್ಲಿ ಯಾವ ರೂಪದಲ್ಲಿ ಉಳಿದಿದೆ ಎಂಬುದನ್ನು ಸಮುದಾಯ ಬಾನುಲಿಯ ಕಾನೂನಿನ ಚರಿತ್ರೆಯಲ್ಲಿ ಹುಡುಕುವುದು ಈ ಲೇಖನದ ಉದ್ದೇಶ. ಇದು ತಾಂತ್ರಿಕ ವಿಷಯ, ವಕೀಲರು ನೋಡಿಕೊಳ್ಳಲಿ ಎಂದು ದಲಿತ ವಿಮರ್ಶೆ ಕೈತೊಳೆದುಕೊಳ್ಳಬಾರದು.

ತರಗತಿಯಲ್ಲಿ ಬಾಬಾಸಾಹೇಬರು 1920ರ ಜನವರಿ 31ರಂದು ಶುರುಮಾಡಿದ ‘ಮೂಕನಾಯಕ’ದ ಪಾಠ ಮಾಡುವಾಗೆಲ್ಲ ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ: “ನಮ್ಮವ್ವಗ ಓದಾಕ ಬರೂದಿಲ್ರಿ ಸರ್, ಆಕಿಗಿ ಯಾವ ಪತ್ರಿಕಿ?” ಈ ಪ್ರಶ್ನೆಗೆ ಉತ್ತರ ಬಾನುಲಿ. ಅಕ್ಷರದಿಂದ ದೂರ ಇಡಲಾದ ಸಮುದಾಯಕ್ಕೆ ಬಾನುಲಿಯೇ ಪತ್ರಿಕೆ. ಆದರೆ ಕಾನೂನು ಇವೆರಡನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲ. ಪತ್ರಿಕೆ ಹೊರಡಿಸುವವನು ಘೋಷಣೆ ಕೊಟ್ಟು ನೋಂದಾಯಿಸಿಕೊಂಡರೆ ಸಾಕಿತ್ತು. ಬಾನುಲಿಗೆ ಬೇಕಾದದ್ದು ಪ್ರಭುತ್ವದ ಅಪ್ಪಣೆ.

ಆ ಅಪ್ಪಣೆಯ ಮೂಲ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ. ಬಾನುಲಿ ಇನ್ನೂ ಹುಟ್ಟಿರದ ಕಾಲದಲ್ಲಿ, ತಂತಿ ವಾರ್ತೆಗಾಗಿ ಬ್ರಿಟಿಷರು ಮಾಡಿದ ಕಾನೂನು ಅದು. ಅದರ 4ನೇ ಕಲಮು ಈ ಇಡೀ ವ್ಯವಹಾರದ ಏಕಮಾತ್ರ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1933ರ ವೈರ್‌ಲೆಸ್ ಕಾಯ್ದೆ ಪರವಾನಗಿಯಿಲ್ಲದೆ ಯಂತ್ರ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. 1950ರಲ್ಲಿ ಸಂವಿಧಾನ ಬಂತು, 19(1)(ಎ) ಎಲ್ಲ ಪ್ರಜೆಗಳಿಗೂ ವಾಕ್ ಸ್ವಾತಂತ್ರ್ಯ ಕೊಟ್ಟಿತು. ಆದರೂ ಗಾಳಿಯ ಮೇಲಿನ ವಸಾಹತುಶಾಹಿ ಯಜಮಾನಿಕೆ ಹಾಗೇ ಮುಂದುವರಿಯಿತು.

1995ರ ಫೆಬ್ರವರಿ 9ರಂದು ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಈ ಯಜಮಾನಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು. ವಾಯುತರಂಗಗಳು ಸಾರ್ವಜನಿಕರ ಆಸ್ತಿ ಎಂದು ನ್ಯಾಯಮೂರ್ತಿ ಪಿ.ಬಿ. ಸಾವಂತ್ ಮತ್ತಿತರರ ಪೀಠ ಹೇಳಿತು. ಇದನ್ನು ಪೂರ್ತಿ ಗೆಲುವೆಂದು ಓದುವುದು ತಪ್ಪಾಗುತ್ತದೆ. ವಾಕ್ ಸ್ವಾತಂತ್ರ್ಯ ಇದೆಯೆಂಬ ಮಾತ್ರಕ್ಕೆ ಪ್ರತಿಯೊಬ್ಬರಿಗೂ ಸ್ವಂತ ಪ್ರಸಾರ ಕೇಂದ್ರದ ಹಕ್ಕು ಬರುವುದಿಲ್ಲ ಎಂದು ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಜೀವನ್ ರೆಡ್ಡಿ ಹೇಳಿದ್ದಾರೆ. ತರಂಗಾಂತರಗಳು ಮಿತವಾಗಿವೆ, ಹಂಚಲು ಒಬ್ಬರು ಬೇಕು. ಈ ಮಾತನ್ನು ನಾನೂ ಒಪ್ಪುತ್ತೇನೆ. ಪ್ರಶ್ನೆಯಿರುವುದು ಹಂಚುವವನ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬಲ್ಲಿ.

ಇಲ್ಲಿ ನಮಗೆ ದಾರಿ ತೋರಿಸುವುದು ಅದಕ್ಕಿಂತ ಹಳೆಯ, 1972ರ ಬೆನೆಟ್ ಕೋಲ್ಮನ್ ತೀರ್ಪು. ಆಗ ಪತ್ರಿಕಾ ಕಾಗದದ ಕೊರತೆಯಿತ್ತು. ಸರ್ಕಾರ ಕಾಗದ ಹಂಚುವ ನೆಪದಲ್ಲಿ ಪತ್ರಿಕೆಗಳಿಗೆ ಹತ್ತು ಪುಟದ ಮಿತಿ ಹಾಕಿತು. ಕಾಗದ ಹಂಚಿರಿ, ಆದರೆ ಆ ನೆಪದಲ್ಲಿ ಪತ್ರಿಕೆಯನ್ನೇ ನಿಯಂತ್ರಿಸಬೇಡಿ ಎಂಬರ್ಥದಲ್ಲಿ ಕೋರ್ಟು ಆ ಮಿತಿಯನ್ನು ರದ್ದು ಮಾಡಿತು. ಕಾಗದದ ಕೊರತೆಗೆ ಅನ್ವಯಿಸುವ ನ್ಯಾಯ ತರಂಗಾಂತರದ ಕೊರತೆಗೆ ಯಾಕೆ ಅನ್ವಯಿಸಬಾರದು? ಸರ್ಕಾರ ವ್ಯಾಟ್ ಅಳೆಯಲಿ, ಕಂಬದ ಎತ್ತರ ಅಳೆಯಲಿ, ಒಬ್ಬರ ತರಂಗಕ್ಕೆ ಇನ್ನೊಬ್ಬರದು ಅಡ್ಡಬರದಂತೆ ನೋಡಿಕೊಳ್ಳಲಿ. ಮಾತಿನ ಮೇಲೆ ಮಿತಿ ಹಾಕಬೇಕಾದರೆ ಮಾತ್ರ 19(2)ರ ಪಟ್ಟಿಯೊಳಗೇ ಕಾರಣ ತೋರಿಸಬೇಕು. ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಇಂಥವು ಅಲ್ಲಿವೆ. ‘ಸುದ್ದಿ’ ಎಂಬುದು ಆ ಪಟ್ಟಿಯಲ್ಲಿಲ್ಲ.

ತೀರ್ಪು ಬಂದ ಮೇಲೆ ಏನಾಯಿತು? 2002ರ ಕೊನೆಗೆ ಸರ್ಕಾರ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ, ಅಂದರೆ ಮತ್ತೆ ಅಕ್ಷರಲೋಕಕ್ಕೇ. ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರ ‘ನಮ್ಮ ಧ್ವನಿ’ಗೆ ಗಾಳಿಯಲ್ಲಿ ಜಾಗ ಸಿಗಲಿಲ್ಲ. ಅವರು ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹರಿಸಿದರು. ನಮ್ಮ ಬೀದರಿನ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ಬಿತ್ತನೆ ಬೀಜದ, ಹಾಡಿನ, ಔಷಧಿ ಸೊಪ್ಪಿನ ಮಾತುಗಳನ್ನು ಟೇಪಿನಲ್ಲಿ ತುಂಬಿ ಸಂಘಗಳಲ್ಲಿ ಕೇಳಿಸುತ್ತಾ ವರ್ಷಗಟ್ಟಲೆ ಕಾದರು. ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಡುವ ನೀತಿ ಬಂದದ್ದು 2006ರ ನವೆಂಬರಿನಲ್ಲಿ. ಅವರ ‘ಸಂಗಂ ರೇಡಿಯೋ’ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ಕ್ಕೆ. ಉದ್ಘಾಟನೆಗೆ ಬಂದವರು ಅದೇ ನ್ಯಾಯಮೂರ್ತಿ ಸಾವಂತ್. ತೀರ್ಪಿನಿಂದ ಮಾಚನೂರಿಗೆ ಹದಿಮೂರು ವರ್ಷದ ದಾರಿ!

2006ರ ನೀತಿಯ ಷರತ್ತುಗಳನ್ನು ಬಿಡಿಸಿ ನೋಡಬೇಕು. ನೂರು ವ್ಯಾಟಿನ ಮಿತಿ, ಮೂವತ್ತು ಮೀಟರಿನ ಕಂಬ: ಇವು ಹಂಚಿಕೆಯ ಮಾತು, ತಕರಾರಿಲ್ಲ. ಅಷ್ಟು ಶಕ್ತಿಯ ದನಿ ಸಾಮಾನ್ಯವಾಗಿ ಹತ್ತು ಹದಿನೈದು ಕಿಲೋಮೀಟರ್ ಹರಿಯುತ್ತದೆ. ಚೌಡಾಪುರದಲ್ಲಿ ಕಂಬ ನೆಟ್ಟರೆ ಗಾಣಗಾಪುರದ ತನಕ ಮುಟ್ಟೀತು, ಕಲಬುರಗಿ ಪ್ಯಾಟಿಗಿ ಮುಟ್ಟಲಿಕ್ಕಿಲ್ಲ. ಇಷ್ಟು ಸಣ್ಣ ದನಿಗೆ ಸ್ವಯಂಸೇವಾ ಸಂಸ್ಥೆಯೊಂದು ಗೃಹ ಇಲಾಖೆ, ರಕ್ಷಣಾ ಇಲಾಖೆಗಳ ಒಪ್ಪಿಗೆ ಪಡೆಯಬೇಕಿತ್ತು. ಇದೆಲ್ಲದರ ಮೇಲೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಪ್ರಸಾರಕ್ಕೆ ನಿಷೇಧ. ಸುದ್ದಿ ದುರುಪಯೋಗವಾಗುತ್ತದೆ ಎಂಬ ಭಯವಿದ್ದರೆ, ಪ್ರಸಾರವಾದದ್ದರ ಧ್ವನಿಮುದ್ರಣವನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮ ಅದೇ ನೀತಿಯಲ್ಲಿದೆ. ತಪ್ಪು ಮಾಡಿದವರನ್ನು ಹಿಡಿಯಲು ಅಷ್ಟು ಸಾಲದೆ? ಮಾತಾಡುವ ಮುಂಚೆಯೇ ಬಾಯಿ ಕಟ್ಟುವುದು ಬೇರೆ, ಮಾತಾಡಿದ್ದಕ್ಕೆ ಲೆಕ್ಕ ಕೇಳುವುದು ಬೇರೆ. ಈ ನಿಷೇಧವನ್ನು ಪ್ರಶ್ನಿಸಿ 2013ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು.

ಆಮೇಲೆ ನಿಯಮ ಸ್ವಲ್ಪ ಸಡಿಲವಾಗಿದೆ, ಇಲ್ಲ ಅಂತಲ್ಲ. 2024ರ ಮಾರ್ಗಸೂಚಿಗಳ ಪ್ರಕಾರ ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಅಥವಾ ಸ್ಥಳೀಯ ಭಾಷೆಗೆ ತಿರುಗಿಸಿ ಪ್ರಸಾರ ಮಾಡಬಹುದು. ಜಾತ್ರೆ, ಹವಾಮಾನ, ಪರೀಕ್ಷಾ ಫಲಿತಾಂಶ ‘ಸುದ್ದಿ’ಯಲ್ಲ, ಹೇಳಬಹುದು. ನೀರು, ಕರೆಂಟಿನ ಪ್ರಕಟಣೆಗಳನ್ನೂ ಹೇಳಬಹುದು, ಸ್ಥಳೀಯ ಆಡಳಿತ ಕೊಟ್ಟದ್ದನ್ನು! ಈ ಕೊನೆಯ ಮಾತನ್ನು ಗೆಳೆಯರು ಎರಡು ಸಲ ಓದಬೇಕು. ನಾಳೆ ನಳಕ್ಕ ನೀರು ಬಿಡ್ತಾರ ಅಂತ ಪಂಚಾಯಿತಿ ಹೇಳಿದರೆ ಅದು ಪ್ರಕಟಣೆ. ಊರಿಗೆ ಬಿಟ್ಟ ನೀರು ಕೇರಿಗೆ ಬರಲಿಲ್ಲ ಅಂತ ಕೇರಿಯ ಹೆಣ್ಣುಮಗಳು ಹೇಳಿದರೆ? ಅದು ಪ್ರಚಲಿತ ವಿದ್ಯಮಾನವಾಗಿಬಿಡುವ ಭಯ. ಬಹಿಷ್ಕಾರ, ಕೂಲಿ, ಸ್ಮಶಾನದ ಜಾಗ, ಇವು ನಮ್ಮ ಪಾಲಿಗೆ ದಿನದ ಬದುಕು, ಕಾನೂನಿನ ಪಾಲಿಗೆ ಸುದ್ದಿ. ಡಂಗುರದ ಕಟ್ಟಳೆ ಪರವಾನಗಿಯ ಷರತ್ತಾಗಿ ಮರುಹುಟ್ಟು ಪಡೆದಿರುವುದು ಇಲ್ಲಿ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಬಡವರ ಸರ್ಕಾರಿ ವಸತಿಯ ಮನೆಯೊಂದರಿಂದ 1987ರಲ್ಲಿ ಒಂದೇ ಒಂದು ವ್ಯಾಟಿನ ಬಾನುಲಿ ನಡೆಸಿದವರು ಎಂಬಾನಾ ಕಾಂಟಾಕೊ, ಕಣ್ಣು ಕಾಣದ ಕಪ್ಪುಜನಾಂಗದವರು. ಪೊಲೀಸರ ಹಿಂಸೆಯನ್ನು ನೊಂದವರ ಬಾಯಿಂದಲೇ ಹೇಳಿಸಿದರು. ಸರ್ಕಾರ 750 ಡಾಲರ್ ದಂಡ ಹಾಕಿತು, ಅವರು ಪ್ರಸಾರ ಮುಂದುವರಿಸಿದರು. ಇಂಥ ಪುಟ್ಟ ಬಾನುಲಿಗಳ ಪ್ರತಿಭಟನೆಯ ಒತ್ತಡದಲ್ಲೇ ಅಲ್ಲಿ 2000ದಲ್ಲಿ ನೂರು ವ್ಯಾಟಿನ ತನಕದ ಬಾನುಲಿಗೆ ಕಾನೂನಿನ ಜಾಗ ಸಿಕ್ಕಿತು. ಮತ್ತು ಅಲ್ಲಿ ಸುದ್ದಿಗೆ ನಿಷೇಧವಿಲ್ಲ.

2023ರ ದೂರಸಂಪರ್ಕ ಕಾಯ್ದೆ ತರಂಗಾಂತರಗಳಿಗೆ ಕೇಂದ್ರ ಸರ್ಕಾರವೇ ಒಡೆಯ ಎನ್ನುತ್ತದೆ, ಆದರೆ ಜನರ ಪರವಾಗಿ ಎಂದು ಸೇರಿಸುತ್ತದೆ. ‘ಜನರ ಪರವಾಗಿ’ ಎಂಬ ಆ ಮಾತನ್ನು ಹಿಡಿದು ನಾವು ಕೇಳಬೇಕಾಗಿದೆ. ಅರ್ಜಿ ಹಾಕುವ ದಲಿತ ಸಂಘಗಳು ಹೆಚ್ಚಾಗಬೇಕು. ಸುದ್ದಿಯ ನಿಷೇಧಕ್ಕೆ 19(2)ರಲ್ಲಿ ಯಾವ ಆಧಾರವಿದೆಯೆಂದು ಕೋರ್ಟಿನಲ್ಲೂ ಬೀದಿಯಲ್ಲೂ ಕೇಳಬೇಕು. ಕಾನೂನು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಬೆನೆಟ್ ಕೋಲ್ಮನ್ ತೀರ್ಪನ್ನು ಪತ್ರಿಕೆ ಮಾಲೀಕರ ಗೆಲುವೆಂದಷ್ಟೇ ಓದದೆ, ಓದು ಬರೆಹ ಬಾರದ ಅವ್ವಂದಿರ ಪರವಾದ ವಾದವಾಗಿ ಓದಬೇಕು. ಅವರ ಮಾತಿಗೆ ನೂರು ವ್ಯಾಟು ಸಾಕು. ಆದರೆ ಆ ನೂರು ವ್ಯಾಟಿನಲ್ಲಿ ಏನು ಹೇಳಬೇಕೆಂಬುದನ್ನು ಅವರೇ ತೀರ್ಮಾನಿಸಬೇಕು.