ಕಮಿಟ್ ಸಂದೇಶ

ಹಲವರು ಕೂಡಿ ಬರೆಯುವ ತಂತ್ರಾಂಶದಲ್ಲಿ ಒಂದು ಬದಲಾವಣೆಯನ್ನು ದಾಖಲಿಸುವಾಗ, ಅದನ್ನು ಮಾಡಿದವರು ಜೊತೆಗೆ ಬರೆದಿಡುವ ವಿವರಣೆಯೇ ಕಮಿಟ್ ಸಂದೇಶ. ಯಾವ ಸಾಲು ಹೋಯಿತು, ಯಾವುದು ಬಂತು ಎಂಬುದನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆ ತಾನೇ ತೋರಿಸುತ್ತದೆ. ಏಕೆ ಹೋಯಿತು, ಏಕೆ ಬಂತು ಎಂಬುದು ಕೋಡ್‌ನಲ್ಲಿ ಕಾಣುವುದಿಲ್ಲ. ಅದನ್ನು ಬರೆದವರೇ ಹೇಳಬೇಕು, ಹೇಳಲು ತಕ್ಕ ಜಾಗ ಈ ಸಂದೇಶ.

1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಎಸ್‌ಸಿಸಿಎಸ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆ ಕೂಡ ಪ್ರತಿ ಬದಲಾವಣೆಗೆ ಟಿಪ್ಪಣಿ ಕೇಳುತ್ತಿತ್ತು. ಇಂದಿನ ರೂಢಿಗಳು ಬಹುಮಟ್ಟಿಗೆ ಗಿಟ್ ಎಂಬ ಇಂಥದೇ ವ್ಯವಸ್ಥೆಯಿಂದ, ಅದಕ್ಕೆ ಜನ್ಮ ಕೊಟ್ಟ ಲಿನಕ್ಸ್ ಕರ್ನಲ್ ಯೋಜನೆಯಿಂದ ಬಂದವು. ಕರ್ನಲ್ ತಂಡ ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವ್ಯವಸ್ಥೆಯ ಉಚಿತ ಪರವಾನಗಿ ನಿಂತಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಗಿಟ್‌ನಲ್ಲಿ ಸಂದೇಶವು ಕಮಿಟ್‌ನ ಅಂಗವೇ ಆಗಿರುತ್ತದೆ. ಕಡತಗಳ ಸ್ಥಿತಿ, ಹಿಂದಿನ ಕಮಿಟ್, ಬರೆದವರ ಹೆಸರು, ಸಮಯ ಇವುಗಳ ಜೊತೆ ಸಂದೇಶವೂ ಸೇರಿಯೇ ಕಮಿಟ್‌ನ 40 ಅಕ್ಷರಗಳ ಗುರುತು ಹುಟ್ಟುತ್ತದೆ. ಒಂದು ಅಕ್ಷರ ತಿದ್ದಿದರೂ ಆ ಗುರುತು ಬದಲಾಗುತ್ತದೆ, ಅದರ ನಂತರದ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಹೀಗಾಗಿ ಹತ್ತಾರು ಜನರ ಗಣಕಗಳಿಗೆ ಇಳಿದುಹೋದ ಇತಿಹಾಸದ ಸಂದೇಶವನ್ನು ಮರಳಿ ತಿದ್ದಲು ಯಾರೂ ಹೋಗುವುದಿಲ್ಲ. ತಿದ್ದುವುದೇನಿದ್ದರೂ ಹಂಚಿಕೊಳ್ಳುವ ಮೊದಲೇ ಮುಗಿಯಬೇಕು.

ಸಂದೇಶದ ಆಕಾರ ಸರಳ: ಒಂದು ಸಾಲಿನ ಶೀರ್ಷಿಕೆ, ಒಂದು ಖಾಲಿ ಸಾಲು, ಬಳಿಕ ವಿವರ. ಶೀರ್ಷಿಕೆ 50 ಅಕ್ಷರ ದಾಟದಿರಲಿ ಎಂದು ಗಿಟ್ ಕೈಪಿಡಿ ಸಲಹೆ ಕೊಡುತ್ತದೆ; ಕರ್ನಲ್ ತಂಡ 70ರಿಂದ 75ರವರೆಗೆ ಒಪ್ಪುತ್ತದೆ. ವಿವರದ ಸಾಲನ್ನು 72 ಅಕ್ಷರಕ್ಕೆ ಮುರಿಯುವ ರೂಢಿಗೂ ಕಾರಣವಿದೆ. ಇತಿಹಾಸವನ್ನು ಓದಿಸುವ ಗಿಟ್ ಲಾಗ್ ಆದೇಶ ಪ್ರತಿ ಸಾಲನ್ನು ನಾಲ್ಕು ಅಕ್ಷರ ಒಳಗೆ ಸರಿಸಿ ತೋರಿಸುತ್ತದೆ, ಬಲಕ್ಕೂ ಅಷ್ಟೇ ಬಿಟ್ಟರೆ 80 ಅಕ್ಷರಗಳ ಟರ್ಮಿನಲ್‌ನಲ್ಲಿ 72 ಉಳಿಯುತ್ತದೆ. ಖಾಲಿ ಸಾಲು ಬರಿಯ ಅಲಂಕಾರವಲ್ಲ. ಅದಿಲ್ಲದಿದ್ದರೆ ಗಿಟ್ ಕೆಳಗಿನ ಸಾಲುಗಳನ್ನೂ ಶೀರ್ಷಿಕೆಗೆ ಸೇರಿಸಿಬಿಡುತ್ತದೆ, ಬದಲಾವಣೆಯನ್ನು ಇಮೇಲ್‌ನಲ್ಲಿ ಕಳಿಸಿದಾಗ ಇಡೀ ಕಂತೆ ವಿಷಯದ ಸಾಲಿಗೆ ಹೋಗಿ ಕೂರುತ್ತದೆ. ಶೀರ್ಷಿಕೆಯಲ್ಲಿ ‘ಸೇರಿಸಿದೆ’, ‘ಸರಿಪಡಿಸಿದೆ’ ಎನ್ನದೆ ‘ಸೇರಿಸು’, ‘ಸರಿಪಡಿಸು’ ಎಂದು ಕೋಡ್‌ಗೆ ಅಪ್ಪಣೆ ಕೊಟ್ಟಂತೆ ಬರೆಯುವುದು ಗಿಟ್ ಮತ್ತು ಕರ್ನಲ್ ಎರಡರಲ್ಲೂ ನಿಯಮ.

ಇವೆಲ್ಲ ಒಂದು ಗಳಿಗೆಯಲ್ಲಿ ಕಲಿಯುವ ಸಂಗತಿಗಳು. ಕಷ್ಟವಿರುವುದು ವಿವರದಲ್ಲಿ. ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಪರದೆಯ ಡ್ರೈವರ್ ಒಂದರಲ್ಲಿ ಕಾಯುವ ಅವಧಿ 200 ಮಿಲಿಸೆಕೆಂಡ್ ಇದ್ದದ್ದು 500 ಆಗಿದೆ. ‘ಅವಧಿ ಬದಲಿಸು’ ಎಂಬ ಸಂದೇಶದಿಂದ ಓದುಗನಿಗೆ ಹೊಸದೇನೂ ತಿಳಿಯದು, ಅಷ್ಟನ್ನು ಕೋಡೇ ಹೇಳಿದೆ. ಅದೇ ಸಂದೇಶ ಹೀಗಿರಬಹುದು:

‘ಪರದೆ: ನಿದ್ರೆಯಿಂದ ಎದ್ದಮೇಲೆ ಹೆಚ್ಚು ಕಾಯಿ

ಹಳೆಯ ಪ್ಯಾನೆಲ್‌ಗಳು ಎಚ್ಚರಗೊಳ್ಳಲು 400 ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತವೆ. 200ಕ್ಕೇ ಆದೇಶ ಕಳಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಸಿದ್ಧವಾಗಿದೆಯೇ ಎಂದು ಮತ್ತೆ ಮತ್ತೆ ಕೇಳಿ ನೋಡಿದರೂ ಈ ಪ್ಯಾನೆಲ್‌ಗಳು ಸರಿಯಾದ ಉತ್ತರ ಕೊಡುವುದಿಲ್ಲ. ಆದ್ದರಿಂದ ನಿಗದಿತ ಅವಧಿಯನ್ನೇ ಹೆಚ್ಚಿಸು.’

ಮೂರು ವರ್ಷದ ನಂತರ ಯಾರೋ ವೇಗ ಹೆಚ್ಚಿಸಲು ಹೊರಟು ಈ 500ನ್ನು ಕಡಿಮೆ ಮಾಡಲು ಯೋಚಿಸುತ್ತಾರೆ. ಯಾವ ಸಾಲು ಯಾವ ಕಮಿಟ್‌ನಿಂದ ಬಂತೆಂದು ತೋರಿಸುವ ಗಿಟ್ ಬ್ಲೇಮ್ ಅವರನ್ನು ನೇರ ಇಲ್ಲಿಗೆ ಕರೆತರುತ್ತದೆ. ಬರೆದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರಬಹುದು. ಆದರೂ ತೊಂದರೆ ಏನಿತ್ತು, ಯಾವ ದಾರಿ ಹಿಡಿದು ನೋಡಿ ಬಿಟ್ಟರು ಎಂಬುದೆರಡೂ ಅಲ್ಲಿವೆ. ಬಿಟ್ಟ ದಾರಿಯನ್ನು ಬರೆದಿಡುವವರು ಕಡಿಮೆ. ನಿಜವಾಗಿ ಅತಿ ಹೆಚ್ಚು ಉಪಕಾರ ಮಾಡುವ ವಾಕ್ಯ ಅದೇ.

ಕರ್ನಲ್‌ನ ಮಾರ್ಗಸೂಚಿ ಕೇಳುವುದೂ ಇಂಥ ಕಾರಣವನ್ನೇ: ಒಂದು ಸಾಲಿನ ತಿದ್ದುಪಡಿಯಾದರೂ ಅದರ ಹಿಂದೊಂದು ಸಮಸ್ಯೆ ಇರಲೇಬೇಕು, ಮೊದಲು ಅದನ್ನು ಹೇಳು, ಬಳಕೆದಾರರಿಗೆ ಏನು ಕಾಣುತ್ತಿತ್ತು ಎಂದು ತಿಳಿಸು, ವೇಗ ಹೆಚ್ಚಿತು ಎಂದರೆ ಅಂಕಿ ಕೊಡು. ಅಲ್ಲಿನ ಸಂದೇಶದ ಕೊನೆಗೆ ಕೆಲವು ಗೊತ್ತಾದ ಸಾಲುಗಳೂ ಬರುತ್ತವೆ. ‘ಫಿಕ್ಸಸ್’ ಸಾಲು ದೋಷ ತಂದ ಹಳೆಯ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯನ್ನು ಹೊತ್ತಿರುತ್ತದೆ; ಯಾವ ಹಳೆಯ ಆವೃತ್ತಿಗಳಿಗೆ ತಿದ್ದುಪಡಿ ಬೇಕೆಂದು ನಿರ್ಧರಿಸಲು ಅದು ನೆರವಾಗುತ್ತದೆ. ‘ಸೈನ್ಡ್-ಆಫ್-ಬೈ’ ಸಾಲು 2004ರಲ್ಲಿ ಬಂತು. ಲಿನಕ್ಸ್‌ನ ಕೋಡ್ ಯಾರದು ಎಂದು ಎಸ್‌ಸಿಒ ಕಂಪನಿ ಹೂಡಿದ್ದ ಮೊಕದ್ದಮೆಯ ಕಾಲವದು. ಈ ಕೋಡ್ ಕೊಡಲು ತನಗೆ ಹಕ್ಕಿದೆ ಎಂದು ಕಳಿಸಿದವರು ಹೆಸರು ಹಾಕಿ ಒಪ್ಪುವ ಮಾತು ಅದು. ಪರಿಶೀಲನೆಯ ಹಂತದಲ್ಲಷ್ಟೇ ಬೇಕಾದ ಮಾತುಗಳನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆಯುತ್ತಾರೆ. ಶಾಶ್ವತ ಇತಿಹಾಸಕ್ಕೆ ಅವು ಸೇರುವುದಿಲ್ಲ.

ಒಂದು ಕಮಿಟ್‌ಗೆ ಒಂದೇ ಕೆಲಸ ಎಂಬ ನಿಯಮವೂ ಸಂದೇಶಕ್ಕೆ ಅಂಟಿಕೊಂಡಿದೆ. ಶೀರ್ಷಿಕೆಯಲ್ಲಿ ‘ಮತ್ತು’ ಬಿಡಿಸಿಕೊಳ್ಳಲಾಗದಂತೆ ಬಂದರೆ ಕಮಿಟನ್ನೇ ಒಡೆಯುವ ಹೊತ್ತು ಬಂದಿದೆ. ಸಾವಿರ ಕಮಿಟ್‌ಗಳಲ್ಲಿ ದೋಷ ತಂದದ್ದನ್ನು ಗಿಟ್ ಬೈಸೆಕ್ಟ್ ಸುಮಾರು ಹತ್ತು ಪರೀಕ್ಷೆಗಳಲ್ಲಿ ಹಿಡಿದುಕೊಡುತ್ತದೆ. ಹಿಡಿದ ಕಮಿಟ್ ಆರು ಕೆಲಸಗಳ ಗಂಟಾಗಿದ್ದರೆ ಹುಡುಕಾಟ ಅಲ್ಲಿಂದ ಮತ್ತೆ ಕೈಯಾರೆ ಶುರು.

ಶೀರ್ಷಿಕೆಗೆ ‘ಫೀಟ್’, ‘ಫಿಕ್ಸ್’ ಎಂಬ ಪೂರ್ವಪದ ಹಚ್ಚುವ ಕನ್ವೆನ್ಷನಲ್ ಕಮಿಟ್ಸ್ ಪದ್ಧತಿ ಆವೃತ್ತಿ ಸಂಖ್ಯೆ ಮತ್ತು ಬದಲಾವಣೆ ಪಟ್ಟಿಯನ್ನು ಯಂತ್ರವೇ ತಯಾರಿಸಲು ಅನುಕೂಲ. ಕಾರಣ ಬರೆಯುವ ಹೊಣೆ ಅದರಿಂದ ತಪ್ಪುವುದಿಲ್ಲ. ಗಿಟ್ ರಿವರ್ಟ್‌ನ ಮಾತೂ ಹಾಗೆಯೇ. ಕಮಿಟೊಂದನ್ನು ಹಿಂತೆಗೆದಾಗ ಯಾವುದನ್ನು ತೆಗೆದದ್ದು ಎಂಬ ಸಾಲನ್ನು ಅದು ತಾನೇ ತುಂಬಿಕೊಡುತ್ತದೆ. ಹಾಗೆಯೇ ಬಿಟ್ಟರೆ, ಮುಂದೆ ಇನ್ನೊಬ್ಬರು ಅದೇ ಬದಲಾವಣೆಯನ್ನು ಒಳ್ಳೆಯದೆಂದು ನಂಬಿ ಮತ್ತೆ ತರುತ್ತಾರೆ; ಏನು ಕೆಟ್ಟಿತು ಎಂಬುದನ್ನು ಹಿಂತೆಗೆದವರೇ ಅದರ ಕೆಳಗೆ ಸೇರಿಸಬೇಕು.